ಶಾಲೆಗೂ ಕಂದಾಯವೇ? ಕೊಡಗಿನ ಕಡೆಯಿಂದ ಒಂದು ನೋಟ

ಏಪ್ರಿಲ್ ತಿಂಗಳು ಬಂತೆಂದರೆ ಆಸ್ತಿ ತೆರಿಗೆಯ ಮಾತು ಶುರುವಾಗುತ್ತದೆ. ತಿಂಗಳೊಳಗೆ ಕಟ್ಟಿದವರಿಗೆ ಶೇ. 5 ರಿಯಾಯಿತಿ. ಮನೆ, ಅಂಗಡಿ ಇರುವವರು ಸಾಲಿನಲ್ಲಿ ನಿಂತು ಕಟ್ಟುತ್ತಾರೆ. ನಮ್ಮ ಶಾಲೆ, ಕಾನ್ವೆಂಟುಗಳ ಕಚೇರಿಗೆ ಅದೇ ನೋಟೀಸು ಬಂದಾಗ ಮಾತ್ರ "ನಮ್ಮದು ವಿದ್ಯಾಸಂಸ್ಥೆ, ನಮಗೂ ತೆರಿಗೆಯೇ?" ಎಂಬ ಪ್ರಶ್ನೆ ಏಳುತ್ತದೆ. ಘಟ್ಟದ ಮೇಲೆ ಕೊಡಗಿನಲ್ಲಿರುವ ನಮ್ಮ ಬಂಧುಗಳಿಂದಲೂ ಈ ಪ್ರಶ್ನೆ ಕೇಳಿಬರುತ್ತಿದೆ. ಅಲ್ಲಿನ ಧರ್ಮಕೇಂದ್ರಗಳು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದವಾದರೂ ಕರಾವಳಿಯ ಎಷ್ಟೋ ಕುಟುಂಬಗಳ ಬೇರು ಅಲ್ಲಿದೆ. ಆದ್ದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೊಡಗಿನವರಿಗೆ ಕಂದಾಯದ ರಿಯಾಯಿತಿ ಹೊಸದಲ್ಲ. ಅರಸರ ಕಾಲದಿಂದ ಬಂದ ಜಮ್ಮಾ ಭೂಮಿಗೆ ಬ್ರಿಟಿಷರ ಕಾಲದಲ್ಲಿ ನೂರು ಭಟ್ಟಿ ಗದ್ದೆಗೆ 5 ರೂಪಾಯಿ ಕಂದಾಯವಿದ್ದರೆ, ಸಾಗು ಭೂಮಿಗೆ 10 ರೂಪಾಯಿ. ಈ ಅರ್ಧ ಕಂದಾಯ ಪುಕ್ಕಟೆಯಾಗಿ ಬಂದುದಲ್ಲ. ಜಮ್ಮಾ ಹಿಡುವಳಿದಾರನು ಅರಸನ ಕರೆ ಬಂದಾಗ ಸೇವೆಗೆ ಹೊರಡಬೇಕಿತ್ತು. ಕಂದಾಯ ಬಿಟ್ಟವರು ಪ್ರತಿಯಾಗಿ ಸೇವೆ ಪಡೆಯುತ್ತಿದ್ದರು. ಇಂದಿನ ಕಾಯ್ದೆಗಳಲ್ಲಿರುವ ವಿನಾಯಿತಿಯ ಹಿಂದೆಯೂ ಇದೇ ಲೆಕ್ಕಾಚಾರವಿದೆ ಎಂಬುದು ನನ್ನ ಅನಿಸಿಕೆ.

ಮಡಿಕೇರಿ ನಗರಸಭೆ, ವಿರಾಜಪೇಟೆ ಮತ್ತು ಕುಶಾಲನಗರದ ಪುರಸಭೆಗಳು, ಸೋಮವಾರಪೇಟೆಯ ಪಟ್ಟಣ ಪಂಚಾಯಿತಿ ಇವೆಲ್ಲ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಗ್ರಾಮಾಂತರಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ. ಸಾರ್ವಜನಿಕ ಪೂಜೆಗೆಂದೇ ಮೀಸಲಿಟ್ಟ ಸ್ಥಳ, ಅನಾಥಾಲಯ, ನಿರ್ಗತಿಕರ ಆಶ್ರಯ, ಧರ್ಮಾಸ್ಪತ್ರೆ, ಸ್ಮಶಾನ, ಇಂಥವುಗಳಿಗೆ ಪಟ್ಟಣಗಳಲ್ಲಿ ವಿನಾಯಿತಿ ಇದೆ. ಇಲ್ಲಿ ಕಾನೂನು ಕೇಳುವುದು "ಆಸ್ತಿ ಯಾರದು?" ಎಂದಲ್ಲ, "ಯಾವುದಕ್ಕೆ ಬಳಕೆಯಾಗುತ್ತಿದೆ?" ಎಂದು. ಚರ್ಚಿಗೆ ತೆರಿಗೆ ಇಲ್ಲ, ಸರಿ. ಆದರೆ ಚರ್ಚಿನ ಆವರಣದ ರಸ್ತೆ ಬದಿಯಲ್ಲಿ ಬಾಡಿಗೆಗೆ ಕೊಟ್ಟ ನಾಲ್ಕು ಅಂಗಡಿಗಳಿಗೆ? ಪ್ರವಾಸಿಗರಿಗೆ ಕೋಣೆ ಕೊಡುವ ಧ್ಯಾನಕೇಂದ್ರಕ್ಕೆ? ಹೋಮ್‌ಸ್ಟೇಗಳ ಜಿಲ್ಲೆಯಾದ ಕೊಡಗಿನಲ್ಲಿ ಈ ಪ್ರಶ್ನೆ ಬರೇ ಕಲ್ಪನೆಯದ್ದಲ್ಲ. ಇಂಥ ಬಳಕೆಗೆ ವಿನಾಯಿತಿ ಕೇಳುವುದೇ ತಪ್ಪು.

ಶಾಲೆಯ ವಿಷಯ ಇನ್ನೂ ಸೂಕ್ಷ್ಮ. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿ ಮಹಾನಗರಪಾಲಿಕೆ ಮತ್ತು ಚಿಲ್ಡ್ರನ್ ಬುಕ್ ಟ್ರಸ್ಟ್ ನಡುವಿನ ಮೊಕದ್ದಮೆಯಲ್ಲಿ, ಶಿಕ್ಷಣ ಕೊಡುತ್ತೇವೆ ಎಂದ ಮಾತ್ರಕ್ಕೆ ಅದು ದಾನಧರ್ಮವಾಗದು ಎಂದಿತು. ಶುಲ್ಕ ವಸೂಲಿ ಮಾಡಿ ಲಾಭದಲ್ಲಿ ನಡೆಯುವ ಶಾಲೆಗೆ ವಿನಾಯಿತಿ ಇಲ್ಲವೆಂಬುದು ತೀರ್ಪಿನ ಸಾರ. ತೋಟದ ಲೈನ್‌ಮನೆಯ ಮಕ್ಕಳು ಕಲಿಯುವ ಅನುದಾನಿತ ಕನ್ನಡ ಶಾಲೆಯನ್ನೂ, ಲಕ್ಷಗಟ್ಟಲೆ ಶುಲ್ಕದ ವಸತಿ ಶಾಲೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು ಎಂಬುದನ್ನು ನಾವೂ ಒಪ್ಪಬೇಕಾಗುತ್ತದೆ.

ಇದಕ್ಕೆ ಇನ್ನೊಂದು ಮುಖವನ್ನು ನೆರೆಯ ಕೇರಳದಿಂದ ಬಂದ ತೀರ್ಪು ತೋರಿಸಿತು. ಅಲ್ಲಿನ 1975ರ ಕಟ್ಟಡ ತೆರಿಗೆ ಕಾಯ್ದೆಯಡಿ ಧರ್ಮಭಗಿನಿಯರ ವಾಸದ ಮನೆಗೂ, ಶಾಲೆ-ಕಾಲೇಜಿಗೆ ಹೊಂದಿಕೊಂಡ ಹಾಸ್ಟೆಲ್‌ಗಳಿಗೂ ತೆರಿಗೆ ಹಾಕಬಹುದೇ ಎಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2021ರ ಮಾರ್ಚ್ 1ರಂದು ನ್ಯಾಯಮೂರ್ತಿಗಳಾದ ಆರ್.ಎಫ್. ನಾರಿಮನ್ ಮತ್ತು ಬಿ.ಆರ್. ಗವಾಯಿ ಅವರಿದ್ದ ಪೀಠವು ಅಡೋರೇಷನ್ ಕಾನ್ವೆಂಟಿನ ಮದರ್ ಸುಪೀರಿಯರ್ ಪರವಾಗಿ ತೀರ್ಪಿತ್ತಿತು. ಧರ್ಮ, ದಾನ, ಶಿಕ್ಷಣ ಇವುಗಳಿಗೆ ಪ್ರೋತ್ಸಾಹ ಕೊಡಲೆಂದೇ ಮಾಡಿದ ವಿನಾಯಿತಿಯನ್ನು ಅದರ ಉದ್ದೇಶ ಈಡೇರುವಂತೆ ಅರ್ಥೈಸಬೇಕು ಎಂಬುದು ಪೀಠದ ನಿಲುವು. ಆದರೆ ಅದು ಕಟ್ಟಡ ಕಟ್ಟಿದಾಗ ಒಮ್ಮೆ ಕೊಡುವ ಕೇರಳದ ತೆರಿಗೆ. ಆ ಪ್ರತಿಯನ್ನೇ ಹಿಡಿದು ಮಡಿಕೇರಿಯಲ್ಲಿ ವಾದಿಸಿದರೆ ಸಾಲದು, ಇಲ್ಲಿನ ಕಾಯ್ದೆಯ ಮಾತುಗಳನ್ನೇ ನೋಡಬೇಕು.

ಸರ್ಕಾರದ ಆಸ್ತಿಯ ಕಥೆ ಬೇರೆ. ಸಂವಿಧಾನದ 285ನೇ ವಿಧಿಯ ಪ್ರಕಾರ ಕೇಂದ್ರ ಸರ್ಕಾರದ ಆಸ್ತಿಗೆ ರಾಜ್ಯವಾಗಲಿ, ಸ್ಥಳೀಯ ಸಂಸ್ಥೆಯಾಗಲಿ ತೆರಿಗೆ ಹಾಕುವಂತಿಲ್ಲ. ಆದರೆ ದೀಪ, ಚರಂಡಿ, ರಸ್ತೆ ಎಲ್ಲವೂ ಬೇಕಲ್ಲ? ರಾಜ್‌ಕೋಟ್ ಮಹಾನಗರಪಾಲಿಕೆಯ ಮೊಕದ್ದಮೆಯಲ್ಲಿ 2009ರಲ್ಲಿ ಇದಕ್ಕೊಂದು ದಾರಿ ಕಾಣಿಸಲಾಯಿತು. ಬಳಸುವ ಸೌಲಭ್ಯಕ್ಕೆ ತಕ್ಕಂತೆ ಆಸ್ತಿ ತೆರಿಗೆಯ ಶೇ. 75, ಶೇ. 50 ಅಥವಾ ಮೂರನೇ ಒಂದರಷ್ಟನ್ನು ಸೇವಾ ಶುಲ್ಕವಾಗಿ ಕೊಡುವುದು. ಬೆಂಗಳೂರಿನಲ್ಲೂ ವಿನಾಯಿತಿ ಪಡೆದ ಕಟ್ಟಡಗಳಿಂದ ಶೇ. 25 ಸೇವಾ ಶುಲ್ಕ ಪಡೆಯುವ ಪದ್ಧತಿ ಬಿಬಿಎಂಪಿ ಕಾಲದಿಂದಲೇ ಬಂದಿದೆ.

ಈ ಪದ್ಧತಿ ನನಗೆ ನ್ಯಾಯವೆನಿಸುತ್ತದೆ. ಮಡಿಕೇರಿ ಸಣ್ಣ ಊರು. ಜಿಲ್ಲಾ ಕೇಂದ್ರವಾದ್ದರಿಂದ ಸರ್ಕಾರಿ ಕಚೇರಿ, ಶಾಲೆ-ಕಾಲೇಜು, ಆಸ್ಪತ್ರೆ, ದೇವಾಲಯಗಳೇ ಗುಡ್ಡದ ಬಹುಪಾಲು ಹಿಡಿದಿವೆ. ತೆರಿಗೆ ಕೊಡದವರ ಪಟ್ಟಿ ಬೆಳೆದಷ್ಟೂ ಭಾರ ಬೀಳುವುದು ಉಳಿದ ಮನೆಯವರ ಮೇಲೆ, ಅಂಗಡಿಯವರ ಮೇಲೆ. ಅವರಲ್ಲಿ ನಮ್ಮ ಭಕ್ತಾದಿಗಳೂ ಇದ್ದಾರೆ. ತೆರಿಗೆಯ ಮೇಲೆ ಲೆಕ್ಕ ಹಾಕುವ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರಗಳೂ ವಿನಾಯಿತಿಯೊಂದಿಗೆ ಇಲ್ಲದಾಗುತ್ತವೆ. ಇನ್ನೊಂದೆಡೆ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳಕೊಂಡವರು ದಿನಗಟ್ಟಲೆ ತಂಗಿದ್ದು ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ. ಅಂದು ಬಾಗಿಲು ತೆರೆದ ಕಟ್ಟಡಗಳ ಸೇವೆಯನ್ನು ಯಾವ ನಗರಸಭೆಯೂ ದುಡ್ಡು ಕೊಟ್ಟು ಕೊಳ್ಳಲಾಗುತ್ತಿರಲಿಲ್ಲ. ವಿನಾಯಿತಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ನನಗೆ ತೋರದು.

ದೇವಾಲಯದ ತೆರಿಗೆ ಕೇಳಿದಾಗ ಯೇಸು, ಮಕ್ಕಳು ತೆರಿಗೆಗೆ ಒಳಪಟ್ಟವರಲ್ಲ ಎಂದು ಪೇತ್ರನಿಗೆ ತಿಳಿಹೇಳಿಯೂ ಮೀನಿನ ಬಾಯಿಯ ನಾಣ್ಯದಿಂದ ಕಟ್ಟಿಸಿದ ಪ್ರಸಂಗ ಮತ್ತಾಯನ ಶುಭಸಂದೇಶದಲ್ಲಿದೆ. ಹಕ್ಕು ಇದ್ದೂ ಕೊಟ್ಟದ್ದು ಅಲ್ಲಿ ಗಮನಾರ್ಹ.

ಪಾಲನಾ ಮಂಡಳಿಯವರು ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. ಆದಾಯ ತೆರಿಗೆ ಇಲಾಖೆಯ ನೋಂದಣಿ ಇದ್ದರೆ ಆಸ್ತಿ ತೆರಿಗೆಯೂ ಮಾಫಿ ಎಂದು ಹಲವರು ನಂಬಿದ್ದಾರೆ. ಅದು ತಪ್ಪು ತಿಳುವಳಿಕೆ. ಅಲ್ಪಸಂಖ್ಯಾತ ಸಂಸ್ಥೆ ಎಂಬ ಪ್ರಮಾಣಪತ್ರದಿಂದಲೂ ಮಾಫಿಯಾಗದು. ಎರಡನೆಯದು, ವಿನಾಯಿತಿ ಎಂದರೆ ದಾಖಲೆಯಲ್ಲಿ ಹೆಸರೇ ಇಲ್ಲದಿರುವುದಲ್ಲ. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ "ನಮಗೆ ತೆರಿಗೆ ಇಲ್ಲ" ಎಂದು ಹಿರಿಯರು ಸುಮ್ಮನಿದ್ದುಬಿಟ್ಟಿದ್ದರು. ಶಾಲೆಗೆ ಹೊಸ ಕೋಣೆ ಕಟ್ಟಲು ಪರವಾನಿಗೆ ಕೇಳಿದಾಗ ಖಾತೆಯೇ ಇರಲಿಲ್ಲ. ಅದನ್ನು ಸರಿಪಡಿಸಲು ಎರಡು ವರ್ಷ ಅಲೆದೆವು. ಆದ್ದರಿಂದ ಕಟ್ಟಡವನ್ನು ಪಟ್ಟಿಗೆ ಸೇರಿಸಿ, ಇ-ಖಾತೆ ಮಾಡಿಸಿ, ಯಾವ ಭಾಗ ಯಾವುದಕ್ಕೆ ಬಳಕೆ ಎಂದು ನಕ್ಷೆ ಸಹಿತ ಅರ್ಜಿ ಕೊಟ್ಟು, ವಿನಾಯಿತಿಯನ್ನು ಲಿಖಿತವಾಗಿ ಪಡೆಯಿರಿ. ಮದುವೆಗೆ ಬಾಡಿಗೆಗೆ ಕೊಡುವ ಹಾಲ್ ಇದ್ದರೆ ಅದನ್ನು ಬೇರೆಯಾಗಿ ತೋರಿಸಿ, ಏಪ್ರಿಲ್ ಮುಗಿಯುವುದರೊಳಗೆ ತೆರಿಗೆ ಕಟ್ಟಿ ರಸೀದಿಯನ್ನು ಕಡತದಲ್ಲಿಡಿ.