ಮೊದಲು ಕುರ್ಚಿ, ಆಮೇಲೆ ನೀತಿಯೇ?

ಇತ್ತೀಚೆಗೆ ಗೋಕಾಕದ ಒಂದು ಮನೆಯಲ್ಲಿ ಇಶಾ ನಮಾಝಿನ ಬಳಿಕ ನಾಲ್ಕಾರು ಹಿರಿಯರು ಕುಳಿತು ಮಾತನಾಡುತ್ತಿದ್ದೆವು. ಮಾತು ಎಂದಿನಂತೆ ರಾಜಕೀಯದ ಕಡೆಗೆ ಹೊರಳಿತ್ತು. ಮೂಡಲಗಿಯಿಂದ ಬಂದು ಮಾಮುವಿನ ಮನೆಯಲ್ಲಿದ್ದು ಪಿಯುಸಿ ಓದುತ್ತಿರುವ ಹುಡುಗನೊಬ್ಬ ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ. ಆತ ತಲೆಯೆತ್ತಿ ಕೇಳಿದ: "ಚಾಚಾ, ಒಳ್ಳೇದ ಮಾಡಾಕ ಮೊದಲ ಕುರ್ಚಿ ಬೇಕಲ್ರಿ? ಕುರ್ಚಿ ಸಿಗೂತನಕ ಸ್ವಲ್ಪ ಕೆಟ್ಟವರಾದ್ರ ಏನ ತಪ್ಪು?"

ಹಿರಿಯರು ನಕ್ಕರು. ಒಬ್ಬರಂತೂ, "ಈಗಲೇ ಲೀಡರ್ ಆಗ್ಯಾನ ನೋಡ್ರಿ" ಎಂದು ಬೆನ್ನು ತಟ್ಟಿದರು. ನನಗೆ ನಗಲಾಗಲಿಲ್ಲ. ಈ ಪ್ರಶ್ನೆ ಎಲ್ಲಿಂದ ಬಂತು ಎಂದು ವಿಚಾರಿಸಿದೆ. ಆತ ಮೊಬೈಲ್ ತೋರಿಸಿದ. ಅದರಲ್ಲಿದ್ದುದು ಜಪಾನಿನ ಒಂದು ಚಿತ್ರಕಥೆ. ಅಲ್ಲಿ ಇಂತಹ ಚಿತ್ರಕಥೆಗಳನ್ನು ಮಾಂಗಾ ಎನ್ನುತ್ತಾರೆ. ನಮ್ಮ ಕಾಲದ ಚಂದಮಾಮದಂತೆ ಇವು ಕೇವಲ ಮಕ್ಕಳಿಗಾಗಿ ಇರುವಂಥವಲ್ಲ. ದೊಡ್ಡವರಿಗಾಗಿಯೇ ರಾಜಕೀಯ, ವ್ಯಾಪಾರ, ಅಪರಾಧಗಳ ಕುರಿತು ಸಾವಿರಾರು ಪುಟಗಳ ಮಾಂಗಾಗಳು ಪ್ರಕಟವಾಗುತ್ತವೆ. ಹುಕ್ಕೇರಿ, ಮೂಡಲಗಿಗಳಂತಹ ಊರುಗಳ ಹುಡುಗರು ಇಂದು ಅವುಗಳನ್ನು ಇಂಗ್ಲಿಷ್ ಅನುವಾದದಲ್ಲಿ ಬಸ್ಸಿನಲ್ಲೇ ಕುಳಿತು ಓದುತ್ತಾರೆ ಎಂಬುದು ಅವರ ತಂದೆತಾಯಿಗಳಿಗೆ ಗೊತ್ತಿಲ್ಲ.

ಆ ಹುಡುಗ ಓದುತ್ತಿದ್ದುದು 'ಸ್ಯಾಂಕ್ಚುವರಿ' ಎಂಬ ಕಥೆ. ಶೋ ಫುಮಿಮುರಾ ಬರೆದು ರ‍್ಯೋಯಿಚಿ ಇಕೆಗಾಮಿ ಚಿತ್ರಿಸಿದ ಇದು 1990ರಿಂದ 1995ರವರೆಗೆ ಜಪಾನಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 12 ಸಂಪುಟಗಳಾಯಿತು. ಕಾಂಬೋಡಿಯಾದಲ್ಲಿ ಪೋಲ್ ಪಾಟನ ನರಮೇಧದಿಂದ ಪಾರಾಗಿ ಬಂದ ಇಬ್ಬರು ಜಪಾನಿ ಬಾಲಕರು ಅದರ ನಾಯಕರು. ಸುಖದಲ್ಲಿ ನಿದ್ರಿಸುತ್ತಿರುವ ತಮ್ಮ ದೇಶವನ್ನು ಬದಲಿಸಬೇಕೆಂದು ಅವರು ನಿರ್ಧರಿಸುತ್ತಾರೆ. ಅದಕ್ಕಾಗಿ ಒಬ್ಬ ಬೆಳಕಿನಲ್ಲಿ ನಡೆಯಬೇಕು, ಇನ್ನೊಬ್ಬ ಕತ್ತಲಲ್ಲಿ. ಯಾರು ಎಲ್ಲಿಗೆ ಎಂಬುದು ಕಲ್ಲು-ಕಾಗದ-ಕತ್ತರಿಯ ಆಟದಿಂದ ತೀರ್ಮಾನವಾಗುತ್ತದೆ! ಅಸಾಮಿ ಎಂಬವನು ಸಂಸತ್ತಿಗೆ ಹೋಗುತ್ತಾನೆ, ಹೋಜೋ ಎಂಬವನು ಯಾಕುಜಾ ಎನ್ನಲಾಗುವ ಅಪರಾಧಿ ಸಂಘಟನೆಯ ನಾಯಕನಾಗುತ್ತಾನೆ. ಹೋಜೋನ ಹಣ ಮತ್ತು ಬೆದರಿಕೆ ಅಸಾಮಿಯ ದಾರಿಯನ್ನು ಸುಗಮಗೊಳಿಸುತ್ತವೆ. ಇಬ್ಬರೂ ಸುಂದರರು, ಧೈರ್ಯವಂತರು, ಪರಸ್ಪರ ಪ್ರಾಣ ಕೊಡಬಲ್ಲ ಸ್ನೇಹಿತರು. ಅವರ ಎದುರಾಳಿಗಳಾದ ಮುದಿ ರಾಜಕಾರಣಿಗಳೋ ಕುಟಿಲರು, ಲಂಪಟರು. ಹದಿನೇಳರ ಹುಡುಗನ ಮನಸ್ಸು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ಕಥೆಯ ರಾಜಕೀಯ ಹಿನ್ನೆಲೆ ಸುಳ್ಳಲ್ಲ. ಅದು ಪ್ರಕಟವಾಗುತ್ತಿದ್ದ ವರ್ಷಗಳಲ್ಲೇ, 1992ರಲ್ಲಿ, ಜಪಾನಿನ ಆಡಳಿತ ಪಕ್ಷದ ಪ್ರಬಲ ನಾಯಕ ಶಿನ್ ಕಾನೆಮಾರು ಸರಕು ಸಾಗಣೆ ಕಂಪೆನಿಯೊಂದರಿಂದ 50 ಕೋಟಿ ಯೆನ್ ಪಡೆದುದನ್ನು ಒಪ್ಪಿಕೊಂಡು ಸಂಸತ್ತನ್ನು ತೊರೆಯಬೇಕಾಯಿತು. 1987ರಲ್ಲಿ ನೊಬೊರು ತಾಕೆಶಿತಾ ಪ್ರಧಾನಿಯಾಗುವ ಹಾದಿಯಲ್ಲಿ ಕಿರುಕುಳ ಕೊಡುತ್ತಿದ್ದ ಬಲಪಂಥೀಯ ಗುಂಪೊಂದರ ಬಾಯಿ ಮುಚ್ಚಿಸಲು ಯಾಕುಜಾ ಮುಖ್ಯಸ್ಥನ ನೆರವು ಪಡೆಯಲಾಗಿತ್ತು ಎಂಬುದೂ ಆಗ ಬಯಲಾಯಿತು. ಆದರೆ ಹಾಗೆ ಏರಿದವರಿಂದ ಜಪಾನಿನಲ್ಲಿ ಯಾವ ಪುನರುತ್ಥಾನವೂ ಆಗಲಿಲ್ಲ. 2007ರ ಏಪ್ರಿಲ್‌ನಲ್ಲಿ ನಾಗಾಸಾಕಿಯ ಮೇಯರ್ ಇಚ್ಚೋ ಇತೋ ಅವರನ್ನು ಚುನಾವಣಾ ಪ್ರಚಾರದ ಮಧ್ಯೆಯೇ ಬೆನ್ನಿಗೆ ಗುಂಡಿಕ್ಕಿ ಕೊಲ್ಲಲಾಯಿತು. ಕೊಂದವನು ಯಾಕುಜಾ ಸಂಘಟನೆಯೊಂದರ ಹಿರಿಯ ಸದಸ್ಯ. ಚಿತ್ರಕಥೆಯ ಕತ್ತಲೆಗೂ ನಿಜವಾದ ಕತ್ತಲೆಗೂ ಇರುವ ಅಂತರ ಇದು.

ಜಪಾನೀಯರನ್ನು ದೂರಿ ನಾವು ಪಾರಾಗುವಂತಿಲ್ಲ. ರೌಡಿಯನ್ನು ವೀರನನ್ನಾಗಿಸುವ ವಿದ್ಯೆ ಕನ್ನಡಕ್ಕೂ ಗೊತ್ತು. 1995ರ 'ಓಂ' ಚಿತ್ರದಲ್ಲಿ ನಿಜವಾದ ರೌಡಿಗಳೇ ತೆರೆಯ ಮೇಲೆ ಬಂದರು, ಜನ ಶಿಳ್ಳೆ ಹೊಡೆದರು. ಬೆಂಗಳೂರಿನ ಭೂಗತ ಜಗತ್ತಿನ ಜಯರಾಜ್ ಎಪ್ಪತ್ತರ ದಶಕದ ಆಡಳಿತದ ನೆರಳಿನಲ್ಲಿ, ಇಂದಿರಾ ಬ್ರಿಗೇಡಿನ ಹೆಸರಿನಲ್ಲಿ ಬೆಳೆದವನು. 1989ರ ನವೆಂಬರಿನಲ್ಲಿ ತಾನೇ ವಿಧಾನಸಭೆಗೆ ಸ್ಪರ್ಧಿಸಿದ್ದಾಗ ಹಾಡಹಗಲೇ ಗುಂಡಿಗೆ ಬಲಿಯಾದ. ಅವನನ್ನು ಬಳಸಿಕೊಂಡವರಿಗೆ ಅಂತಹ ಸಾವು ಬರಲಿಲ್ಲ.

ಅಷ್ಟು ದೂರವೂ ಬೇಡ. ನಮ್ಮ ಜಿಲ್ಲೆಗೇ ಬರೋಣ. ಆ ರಾತ್ರಿ ನಾನು ಹುಡುಗನಿಗೆ ಹೇಳಿದ್ದು ಖಾನಾಪುರದ ಅಬ್ದುಲ್ ಕರೀಮ್ ತೆಲಗಿಯ ವಿಷಯ. ಅವನಿಗೆ ಆ ಹೆಸರು ಗೊತ್ತಿತ್ತು. ಆದರೆ ಗೊತ್ತಿದ್ದುದು 2023ರಲ್ಲಿ ಬಂದ 'ಸ್ಕ್ಯಾಮ್ 2003' ಎಂಬ ಧಾರಾವಾಹಿಯಿಂದ. "ಏನ್ ತಲಿ ಇತ್ತ್ರೀ ಅವರದು!" ಎಂದು ಅವನು ಮೆಚ್ಚಿಕೊಂಡ.

ತಲೆ ಇತ್ತು, ನಿಜ. 1961ರಲ್ಲಿ ಹುಟ್ಟಿದ ತೆಲಗಿಯ ತಂದೆ ರೈಲ್ವೆ ನೌಕರರು. ಅವರು ಬೇಗನೆ ತೀರಿಕೊಂಡರು. ಖಾನಾಪುರ ನಿಲ್ದಾಣದ ರೈಲುಗಳಲ್ಲಿ ಹಣ್ಣು, ತರಕಾರಿ ಮಾರಿ ಆ ಬಾಲಕ ತನ್ನ ಶಾಲೆಯ ಖರ್ಚು ನೋಡಿಕೊಂಡ, ಬೆಳಗಾವಿಯಲ್ಲಿ ಬಿ.ಕಾಂ. ಮುಗಿಸಿದ. ಇಷ್ಟರವರೆಗಿನ ಕಥೆಯನ್ನು ಯಾವುದೇ ಮದ್ರಸದಲ್ಲಿ, ಯಾವುದೇ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಹೆಮ್ಮೆಯಿಂದ ಹೇಳಬಹುದಿತ್ತು. ಮುಂದೆ ಸೌದಿ, ಬಳಿಕ ಮುಂಬಯಿ. ಅಲ್ಲಿ ಕೊಲ್ಲಿಗೆ ಕಾರ್ಮಿಕರನ್ನು ಕಳುಹಿಸುವ ನೆಪದಲ್ಲಿ ನಕಲಿ ದಾಖಲೆಗಳು. ಆಮೇಲೆ 1994ರಲ್ಲಿ ಛಾಪಾ ಕಾಗದ ಮಾರುವ ಪರವಾನಗಿ. ಆ ಪರವಾನಗಿಯ ಮರೆಯಲ್ಲಿ ನಾಸಿಕದ ಸರ್ಕಾರಿ ಮುದ್ರಣಾಲಯ ಹರಾಜಿಗಿಟ್ಟ ಹಳೆಯ ಯಂತ್ರಗಳು ಅವನ ಕೈಸೇರಿದವು. ಸುಮಾರು 300 ಏಜೆಂಟರು ಬ್ಯಾಂಕುಗಳಿಗೂ ವಿಮಾ ಕಂಪೆನಿಗಳಿಗೂ ನಕಲಿ ಛಾಪಾ ಕಾಗದವನ್ನು ಸಗಟಾಗಿ ಮಾರಿದರು.

ಒಬ್ಬನೇ ಮನುಷ್ಯ ತನ್ನ ತಲೆಯಿಂದ ಇಷ್ಟು ಮಾಡಲು ಸಾಧ್ಯವೇ? ಯಂತ್ರವನ್ನು ಹರಾಜು ಹಾಕಿದವರು ಯಾರು? ಪರವಾನಗಿ ಕೊಡಿಸಿದವರು, ದೂರು ಬಂದಾಗ ಕಡತ ಮುಚ್ಚಿದವರು, ಬಂಧನದಲ್ಲಿದ್ದಾಗಲೂ ಅವನ ವ್ಯವಹಾರ ನಡೆಯಲು ಬಿಟ್ಟವರು ಯಾರು? 2001ರ ನವೆಂಬರಿನಲ್ಲಿ ಅಜ್ಮೀರಿನಲ್ಲಿ ತೆಲಗಿಯ ಬಂಧನವಾಯಿತು. 2003ರಲ್ಲಿ ಮಹಾರಾಷ್ಟ್ರದ ಶಾಸಕರೊಬ್ಬರು, ಆಂಧ್ರದ ಮಾಜಿ ಸಚಿವರೊಬ್ಬರು, ಆಗಷ್ಟೇ ನಿವೃತ್ತರಾಗಿದ್ದ ಮುಂಬಯಿಯ ಪೊಲೀಸ್ ಕಮಿಷನರ್ ಬಂಧನಕ್ಕೊಳಗಾದರು. ಆ ಕಮಿಷನರ್ ಮುಂದೆ ಆರೋಪಮುಕ್ತರಾದರು. ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂಬುದು ನ್ಯಾಯಾಲಯದ ವಿಷಯ. ನಾವು ಗಮನಿಸಬೇಕಾದುದು ಕೊನೆಯ ಲೆಕ್ಕವನ್ನು. 2006ರ ಜನವರಿಯಲ್ಲಿ ತೆಲಗಿಗೆ 30 ವರ್ಷಗಳ ಕಠಿಣ ಶಿಕ್ಷೆಯಾಯಿತು. 2007ರ ಜೂನಿನಲ್ಲಿ ಮತ್ತೆ 13 ವರ್ಷ ಶಿಕ್ಷೆ, 202 ಕೋಟಿ ರೂಪಾಯಿ ದಂಡ. 2017ರ ಅಕ್ಟೋಬರಿನಲ್ಲಿ ಆತ ಕೈದಿಯಾಗಿಯೇ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 56ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದ.

ಚಿತ್ರಕಥೆಯಲ್ಲಿ ಅಸಾಮಿ ಮತ್ತು ಹೋಜೋ ಸಮಾನ ಪಾಲುದಾರರು. ಬೆಳಕಿನಲ್ಲಿರುವವನು ಕತ್ತಲಲ್ಲಿರುವವನನ್ನು ಎಂದೂ ಕೈಬಿಡುವುದಿಲ್ಲ. ಬದುಕಿನಲ್ಲಿ ಅಂತಹ ಅಸಾಮಿ ಇಲ್ಲ. ಕತ್ತಲಲ್ಲಿರುವವನು ಸಿಕ್ಕಿಬಿದ್ದ ದಿನ ಬೆಳಕಿನಲ್ಲಿರುವವನಿಗೆ ಅವನ ಪರಿಚಯವೇ ಇರುವುದಿಲ್ಲ. ತೆಲಗಿಯ ವಿಷಯದಲ್ಲಿ ಇನ್ನೂ ಒಂದಾಯಿತು. ಅವನ ಹೆಸರಿನ ಭಾರವನ್ನು ಅವನಿಂದ ಒಂದು ಪೈಸೆಯ ಉಪಕಾರ ಪಡೆಯದ ಬೆಳಗಾವಿ ಜಿಲ್ಲೆಯ ಸಾಮಾನ್ಯ ಮುಸ್ಲಿಮರೂ ಹೊರಬೇಕಾಯಿತು. "ತೆಲಗಿ ಊರಿನವರೇನು?" ಎಂಬ ಕುಹಕವನ್ನು ಕೇಳಿಸಿಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ.

ಎಲ್ಲರೂ ತೆಲಗಿಯಾಗುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕತ್ತಲೆಯ ಬಾಗಿಲು ಬಹಳ ಚಿಕ್ಕದು. ನಮ್ಮ ಭಾಗದ ರಾಜಕೀಯ ವಿಧಾನಸಭೆಯಿಂದ ಆರಂಭವಾಗುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಸಕ್ಕರೆ ಕಾರ್ಖಾನೆ, ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಡಿಸಿಸಿ ಬ್ಯಾಂಕ್ ಇವೆಲ್ಲ ಅದರ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿಗೂ ಚುನಾವಣೆ, ಪ್ರತಿ ಚುನಾವಣೆಗೂ "ಹುಡುಗರು" ಬೇಕು. ಮೊದಲು ಬೈಕ್ ರ‍್ಯಾಲಿಗೆ ಪೆಟ್ರೋಲ್, ಬಿರಿಯಾನಿ. ಬಳಿಕ ಎದುರಾಳಿಯ ಬ್ಯಾನರ್ ಹರಿಯುವ ಕೆಲಸ. ಅದಾದ ಮೇಲೆ ಯಾರನ್ನೋ "ಸ್ವಲ್ಪ ಹೆದರಿಸಿ" ಬರುವುದು. ಚುನಾವಣೆ ಮುಗಿದ ನಂತರ ಈ ಹುಡುಗರಿಗೆ ಕೆಲಸವಿಲ್ಲ. ಮಟಕಾ ಚೀಟಿ ಬರೆಯುವವನು, ಮೀಟರ್ ಬಡ್ಡಿ ವಸೂಲಿ ಮಾಡುವವನು ಅವರನ್ನು ಕರೆದುಕೊಳ್ಳುತ್ತಾನೆ. 2020ರಲ್ಲಿ ಗೋಕಾಕದಲ್ಲಿ ದಲಿತ ಯುವ ಮುಖಂಡರೊಬ್ಬರ ಕೊಲೆಯಾದಾಗ ತನಿಖೆಯಲ್ಲಿ 'ಟೈಗರ್ ಗ್ಯಾಂಗ್' ಎಂಬ ಹೆಸರು ಹೊರಬಂದುದನ್ನೂ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯನ್ನು ಪೊಲೀಸರು ಬಳಸಿದುದನ್ನೂ ಊರಿನವರು ಮರೆತಿಲ್ಲ. ಗ್ಯಾಂಗಿಗೂ ಚಿತ್ರಕಥೆಯಂತಹದೇ ಹೆಸರು! ಸತ್ತವರ ಮನೆಯಲ್ಲಿ ಉಳಿದ ದುಃಖ ಮಾತ್ರ ಚಿತ್ರಕಥೆಯದ್ದಲ್ಲ.

ಒಮ್ಮೆ ರೌಡಿ ಶೀಟ್ ತೆರೆದರೆ ಅದು ಏನೆಂಬುದನ್ನು ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ. ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆಯಲ್ಲಿ ಅಡ್ಡಿ, ಸರ್ಕಾರಿ ನೌಕರಿಗೆ ಅಡ್ಡಿ, ಪ್ರತಿ ಹಬ್ಬಕ್ಕೂ ಪ್ರತಿ ಚುನಾವಣೆಗೂ ಠಾಣೆಗೆ ಕರೆ, ಗಡಿಪಾರಿನ ನೋಟೀಸು. ತಂಗಿಯ ನಿಕಾಹ್‌ಗೆ ಬಂದ ಸಂಬಂಧ ಹಿಂದಕ್ಕೆ ಹೋಗುತ್ತದೆ. ಅವನನ್ನು ಕಳುಹಿಸಿದ ನಾಯಕನಿಗೆ ಈ ಅಡ್ಡಿಗಳಿಲ್ಲ. 2024ರಲ್ಲಿ ಆಯ್ಕೆಯಾದ 543 ಲೋಕಸಭಾ ಸದಸ್ಯರಲ್ಲಿ 251 ಮಂದಿ ತಮ್ಮ ಮೇಲೆ ಕ್ರಿಮಿನಲ್ ಪ್ರಕರಣಗಳಿವೆಯೆಂದು ಸ್ವತಃ ಪ್ರಮಾಣಪತ್ರದಲ್ಲಿ ಘೋಷಿಸಿದ್ದರು. ಅವುಗಳಲ್ಲಿ ಪ್ರತಿಭಟನೆಯ ಪ್ರಕರಣಗಳೂ ಇರಬಹುದು, ರಾಜಕೀಯ ಪ್ರೇರಿತವೂ ಇರಬಹುದು. ಆದರೂ ಒಬ್ಬನಿಗೆ ಪ್ರಕರಣವು ಅರ್ಹತೆಯಂತೆ, ಇನ್ನೊಬ್ಬನಿಗೆ ಅದೇ ಪ್ರಕರಣ ಜೀವಾವಧಿಯ ಕಳಂಕದಂತೆ ಆಗುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ.

ಇನ್ನು ಹುಡುಗನ ಮೂಲ ಪ್ರಶ್ನೆ: ಮೊದಲು ಕುರ್ಚಿ ಬೇಡವೇ? ಈ ಪ್ರಶ್ನೆಯನ್ನು ಪ್ರವಾದಿ ಮುಹಮ್ಮದ್‌(ಸ)ರ ಮುಂದೆಯೂ ಇಡಲಾಗಿತ್ತು. ಮಕ್ಕಾದ ಪ್ರಮುಖ ಉತ್ಬಾ ಬಿನ್ ರಬೀಆ ಬಂದು, ಸಂಪತ್ತು ಬೇಕಿದ್ದರೆ ಸಂಪತ್ತು, ನಾಯಕತ್ವ ಬೇಕಿದ್ದರೆ ನಾಯಕತ್ವ ಎಂದು ಆಸೆ ತೋರಿಸಿದ. ಅದಕ್ಕೆ ಪ್ರತಿಯಾಗಿ ಅವರು ತಮ್ಮ ಸಂದೇಶವನ್ನು ನಿಲ್ಲಿಸಬೇಕಿತ್ತು. ಅಂದು ಅನುಯಾಯಿಗಳು ಬೆರಳೆಣಿಕೆಯಷ್ಟಿದ್ದರು, ದುರ್ಬಲರು ಹಿಂಸೆ ಅನುಭವಿಸುತ್ತಿದ್ದರು. ಮೊದಲು ಅರಸೊತ್ತಿಗೆ ಪಡೆದು ಆಮೇಲೆ ನಿಧಾನವಾಗಿ ಸುಧಾರಣೆ ತರೋಣ ಎಂಬ ಲೆಕ್ಕಾಚಾರಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ. ಅವರು ಅದನ್ನು ತಿರಸ್ಕರಿಸಿದರು. ಮುಂದೆ ಮಕ್ಕಾ ಕೈಸೇರಿದ ಕಾಲದಲ್ಲಿ ಪ್ರತಿಷ್ಠಿತ ಮಖ್ಝೂಮ್ ಗೋತ್ರದ ಮಹಿಳೆಯೊಬ್ಬಳು ಕಳವು ಮಾಡಿದಾಗ ಅವಳನ್ನು ಬಿಡಿಸಲು ಕುರೈಶರು ಉಸಾಮಾ(ರ)ರ ಮೂಲಕ ಶಿಫಾರಸು ತಂದರು. ಪ್ರವಾದಿಯವರು(ಸ) ಕೋಪಗೊಂಡರು. ದೊಡ್ಡವರನ್ನು ಬಿಟ್ಟು ಬಡವರನ್ನು ದಂಡಿಸಿದ ಕಾರಣಕ್ಕೇ ಹಿಂದಿನ ಜನಾಂಗಗಳು ನಾಶವಾದವೆಂದೂ ತಮ್ಮ ಸ್ವಂತ ಮಗಳಾದರೂ ವಿನಾಯಿತಿ ಇಲ್ಲವೆಂದೂ ಸ್ಪಷ್ಟಪಡಿಸಿದರು. ಕೊಳಕು ದಾರಿಯಿಂದ ಕುರ್ಚಿಗೇರಿದ್ದವರಿಗೆ ಅಂತಹ ಮಾತಾಡುವ ಬಾಯಿ ಎಲ್ಲಿರುತ್ತದೆ? ಏರಿಸಿದವರೆಲ್ಲ ಮರುದಿನವೇ ಶಿಫಾರಸು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

ಹುಡುಗರಿಗೆ ಉಪದೇಶ ಮಾಡುವ ಮೊದಲು ಹಿರಿಯರಾದ ನಾವು ಮಾಡಬೇಕಾದುದಿದೆ. ಮಟಕಾ ದಂಧೆಯವನು ಮಸೀದಿಗೆ ಕಾರ್ಪೆಟ್ ಕೊಟ್ಟರೆ ಹೆಸರು ಬರೆಸುತ್ತೇವೆ. ಬಡ್ಡಿ ವ್ಯವಹಾರದವನು ಇಫ್ತಾರ್ ಕೂಟ ಏರ್ಪಡಿಸಿದರೆ ಮೊದಲ ಸಾಲಿನಲ್ಲಿ ಕೂರುತ್ತೇವೆ. ಜೈಲಿನಿಂದ ಜಾಮೀನಿನ ಮೇಲೆ ಬಂದವನಿಗೆ ಮಾಲೆ ಹಾಕಿ "ನಮ್ಮವನು" ಎನ್ನುತ್ತೇವೆ. ನಿರಪರಾಧಿಯೆಂದು ನಂಬಿ ಕಾನೂನು ನೆರವು ಕೊಡುವುದು ಬೇರೆ, ಅದು ಕರ್ತವ್ಯ. ಆದರೆ ಮಾಲೆ ಹಾಕುವುದು ಬೇರೆ. ಅದನ್ನು ನೋಡುತ್ತ ನಿಂತ ಹುಡುಗನಿಗೆ ಜಪಾನಿನ ಪುಸ್ತಕದ ಅಗತ್ಯವೇ ಇಲ್ಲ, ಪಾಠ ಮೊಹಲ್ಲಾದಲ್ಲೇ ಸಿಕ್ಕಿತು.

ಈ ವಿಷಯದಲ್ಲಿ ಜಪಾನಿನಿಂದಲೇ ಕಲಿಯುವುದಿದೆ. 1963ರ ಸುಮಾರಿಗೆ ಅಲ್ಲಿ ಯಾಕುಜಾಗಳ ಸಂಖ್ಯೆ 1,80,000ಕ್ಕಿಂತ ಹೆಚ್ಚಿತ್ತು. 2024ರ ಕೊನೆಗೆ ಅದು 20,000ಕ್ಕಿಂತ ಕೆಳಗಿಳಿದಿತ್ತು. 1992ರಲ್ಲಿ ಜಾರಿಯಾದ ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು 2011ರ ವೇಳೆಗೆ ಎಲ್ಲ ಪ್ರಾಂತಗಳಲ್ಲಿ ಬಂದ ನಿಯಮಗಳು ಎಂಬುದು ನನ್ನ ಅಭಿಪ್ರಾಯ. ಅವು ಯಾಕುಜಾಗಳಿಗಿಂತ ಅವರೊಂದಿಗೆ ವ್ಯವಹರಿಸುವ ಸಾಮಾನ್ಯರನ್ನು ಗುರಿಯಾಗಿಸಿಕೊಂಡಿದ್ದವು. ಬ್ಯಾಂಕು ಖಾತೆ ಕೊಡಲಿಲ್ಲ, ಮಾಲೀಕ ಮನೆ ಬಾಡಿಗೆಗೆ ಕೊಡಲಿಲ್ಲ, ಹೋಟೆಲ್ ಸಭಾಂಗಣ ಕೊಡಲಿಲ್ಲ. ಇದರಿಂದ, ಬದಲಾಗಿ ಬರಬಯಸಿದವನಿಗೂ ಐದು ವರ್ಷ ಬಾಗಿಲು ಮುಚ್ಚಿರುತ್ತದೆ ಎಂಬ ದೋಷವಿದೆ. ಪಶ್ಚಾತ್ತಾಪದ ಬಾಗಿಲನ್ನು ತೆರೆದಿಡುವ ಧರ್ಮದವರಾದ ನಾವು ಆ ತಪ್ಪನ್ನು ಮಾಡಬೇಕಾಗಿಲ್ಲ. ಆದರೆ ಅಕ್ರಮ ಹಣದ ದೇಣಿಗೆ ಬೇಡವೆನ್ನಲು ನಮ್ಮ ಜಮಾಅತ್ ಸಮಿತಿಗಳಿಗೆ ಯಾವ ಕಾನೂನಿನ ಅಗತ್ಯವೂ ಇಲ್ಲ. ಸಮಿತಿಯ ಸಭೆಯೊಂದರಲ್ಲಿ ಅಷ್ಟು ಬರೆದುಕೊಂಡರೆ ಸಾಕು.

ಆ ರಾತ್ರಿ ಹುಡುಗ ನನ್ನ ಮಾತಿಗೆಲ್ಲ ತಲೆದೂಗಿದನೆಂದು ಭಾವಿಸಬೇಡಿ. "ಹಂಗಾದ್ರ ಒಳ್ಳೆಯವರು ಗೆಲ್ಲೋದು ಹೆಂಗ್ರಿ ಚಾಚಾ?" ಎಂದು ಮರುಪ್ರಶ್ನೆ ಹಾಕಿದ. ಬೆನ್ನು ತಟ್ಟಿದ್ದ ಹಿರಿಯರು ಈ ಬಾರಿ ಸುಮ್ಮನಿದ್ದರು. ಸಹಕಾರಿ ಸಂಘಗಳಲ್ಲಿ ಸದಸ್ಯತ್ವವನ್ನೇ ಪಡೆಯದ, ಪುರಸಭೆಯ ಸಭೆಯಲ್ಲಿ ಏನಾಯಿತೆಂದು ವಿಚಾರಿಸದ, ಮತದಾನದ ಹಿಂದಿನ ರಾತ್ರಿ ಮಾತ್ರ ಮೊಹಲ್ಲಾದ ಲೆಕ್ಕ ಹಾಕುವ ನಾವು ಅವನಿಗೆ ಏನು ಉತ್ತರ ಕೊಡಬಹುದಿತ್ತು? ಮುಂದಿನ ಜುಮುಆದ ಬಳಿಕ ಹುಡುಗರನ್ನೂ ಕೂರಿಸಿಕೊಂಡು ಅದೊಂದೇ ವಿಷಯ ಮಾತನಾಡೋಣ ಎಂದು ಮನೆಯ ಯಜಮಾನರು ಹೇಳಿದರು. ಅವನೂ ಬರುತ್ತೇನೆಂದಿದ್ದಾನೆ.