ಹನ್ನೆರಡು ಹಾಡು, ಒಂದು ಕಡತ

ಈ ಅಂಕಣದ ಓದುಗರಿಗೆ ನಮ್ಮ ಮನೆಯ ಪರಿಚಯ ಹೊಸದೇನಲ್ಲ. ಎಂಬತ್ತೆರಡು ವರ್ಷದ ನಮ್ಮ ತಾಯಿಯವರಿಗೆ ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಆರತಿಯ ಹಾಡು ಎಲ್ಲವೂ ಬಾಯಿಪಾಠ. ಅವಕ್ಕೆ ಪುಸ್ತಕವೆಂಬುದಿಲ್ಲ. ತಮ್ಮ ಅತ್ತೆಯವರು ಹಾಡುತ್ತಿದ್ದುದನ್ನು ಕೇಳಿ ಕೇಳಿ ಕಲಿತದ್ದು. ಇವರ ತರುವಾಯ ಇವನ್ನು ಹಾಡುವವರಾರು ಎಂಬ ಚಿಂತೆ ನನ್ನ ಮನೆಯಾಕೆಯನ್ನು ಬಹುದಿನದಿಂದ ಕಾಡುತ್ತಿದ್ದಿತು.

ಇಂಜಿನಿಯರಿಂಗ್ ಓದುತ್ತಿರುವ ನಮ್ಮಕ್ಕನ ಮಗ ಒಂದು ದಿನ ಬಂದವನು, "ಅತ್ತೆ, ಇದಕ್ಕೇಕೆ ಇಷ್ಟು ಯೋಚನೆ? ನಾನೇ ಒಂದು ಸಣ್ಣ ಆ್ಯಪ್ ಮಾಡಿ ಕೊಡುತ್ತೇನೆ. ಅಜ್ಜಿ ಹೇಳಲಿ, ನೀವು ಮೊಬೈಲಿನಲ್ಲಿ ಬರೆಯುತ್ತಾ ಹೋಗಿ" ಎಂದನು. ಎರಡು ದಿನಗಳಲ್ಲಿ ಆ್ಯಪ್ ಸಿದ್ಧವಾಯಿತು. ಬರೆಯುವುದಕ್ಕೊಂದು ಗುಂಡಿ, ಓದುವುದಕ್ಕೊಂದು ಗುಂಡಿ. ಹುಡುಗನು ತಾನೇ ಪರೀಕ್ಷೆ ಮಾಡಿ ತೋರಿಸಿದನು. "ನಮಸ್ಕಾರ" ಎಂದು ಬರೆದನು. ಓದುವ ಗುಂಡಿಯನ್ನೊತ್ತಿದರೆ "ನಮಸ್ಕಾರ" ಎಂದೇ ಬಂದಿತು. ನಮಗೆಲ್ಲ ಪರಮಾನಂದ.

ದಿನವೂ ದೀಪ ಹಚ್ಚಿದ ಮೇಲೆ ಅತ್ತೆ ಸೊಸೆಯರಿಬ್ಬರೂ ಕುಳಿತು ದಿನಕ್ಕೊಂದರಂತೆ ಹಾಡುಗಳನ್ನು ಬರೆಯತೊಡಗಿದರು. ಆ ದಿನದ ಹಾಡನ್ನು ಒಮ್ಮೆ ಓದಿ ತಿದ್ದಿಕೊಂಡು ಏಳುವುದು ಪದ್ಧತಿ. ಹೀಗೆ ಹನ್ನೆರಡು ದಿನಗಳು ಕಳೆದವು. ಹದಿಮೂರನೆಯ ದಿನ, ಮೊದಲಿನಿಂದ ಎಲ್ಲವನ್ನೂ ಓದಿ ನೋಡೋಣವೆಂದು ತೆರೆದರೆ ಅಲ್ಲಿದ್ದುದು ಹನ್ನೆರಡನೆಯ ಹಾಡೊಂದೇ! ಉಳಿದ ಹನ್ನೊಂದರ ಸುಳಿವೇ ಇರಲಿಲ್ಲ.

ಕರೆಯಿಸಿದೊಡನೆ ಹುಡುಗನು ಓಡಿಬಂದನು. ತಾನು ಬರೆದ ಸಾಲುಗಳನ್ನೆಲ್ಲ ನೋಡಿ ಮುಖ ಚಿಕ್ಕದು ಮಾಡಿಕೊಂಡು, "ತಪ್ಪು ನನ್ನದೇ ಮಾಮ" ಎಂದನು. ಅವನು ವಿವರಿಸಿದುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಬರೆಯುವುದಕ್ಕೆಂದು ಒಂದು ಕಡತವನ್ನು ತೆರೆಯುವಾಗ ಎರಡು ಬಗೆಗಳುಂಟು. ಒಂದು ಸ್ಲೇಟಿನ ಬಗೆ: ಹಳೆಯದನ್ನು ಪೂರ್ತಿಯಾಗಿ ಒರೆಸಿ ಹೊಸದನ್ನು ಬರೆಯುವುದು. ಇನ್ನೊಂದು ದಿನಸಿ ಲೆಕ್ಕದ ಪುಸ್ತಕದ ಬಗೆ: ನಿನ್ನೆಯದು ಮುಗಿದ ಕಡೆಯಿಂದ ಇಂದಿನದನ್ನು ಸೇರಿಸುವುದು. ನಾವು ಬಾಯಿಬಿಟ್ಟು ಹೇಳದಿದ್ದರೆ ಯಂತ್ರವು ಸಾಮಾನ್ಯವಾಗಿ ಸ್ಲೇಟಿನ ಬಗೆಯನ್ನೇ ಹಿಡಿಯುತ್ತದೆ. ಒಂದೇ ಸಲ "ನಮಸ್ಕಾರ" ಎಂದು ಬರೆದು ಪರೀಕ್ಷಿಸಿದವನಿಗೆ ಈ ಭೇದ ಕಾಣುವುದಾದರೂ ಹೇಗೆ? ಎರಡನೆಯ ಸಲ "ಹೋಗಿ ಬರುತ್ತೇನೆ" ಎಂದೂ ಬರೆದು ನೋಡಿದ್ದರೆ ಆಗಲೇ ಗುಟ್ಟು ರಟ್ಟಾಗುತ್ತಿದ್ದಿತು.

ವಿಪತ್ತು ಒಂದೇ ಬರುವುದಿಲ್ಲವಷ್ಟೆ. ಹುಡುಗನು ಆ ರಾತ್ರಿಯೇ ದೋಷವನ್ನು ತಿದ್ದಿ, "ಹಳೆಯ ಆ್ಯಪನ್ನು ತೆಗೆದುಹಾಕಿ ಹೊಸದನ್ನು ಹಾಕಿಕೊಳ್ಳಿ ಅತ್ತೆ" ಎಂದು ಅವಸರದಲ್ಲಿ ಹೇಳಿಬಿಟ್ಟನು. ಆಕೆ ಹಾಗೆಯೇ ಮಾಡಿದಳು. ಉಳಿದಿದ್ದ ಹನ್ನೆರಡನೆಯ ಹಾಡೂ ಹೋಯಿತು.

ಇದರ ಕಾರಣವನ್ನು ಓದುಗರು ತಿಳಿದಿರುವುದೊಳ್ಳೆಯದು. ಏಕೆಂದರೆ ಇದು ಎಲ್ಲರ ಮನೆಯಲ್ಲಿಯೂ ನಡೆಯಬಹುದಾದ ಸಂಗತಿ. ಆ್ಯಂಡ್ರಾಯ್ಡ್ ಮೊಬೈಲಿನಲ್ಲಿ ಪ್ರತಿಯೊಂದು ಆ್ಯಪಿಗೂ ಅದರದೇ ಆದ ಒಂದು ಕೋಣೆಯುಂಟು. ಅಲ್ಲಿಟ್ಟ ಕಡತವನ್ನು ಬೇರೆ ಆ್ಯಪುಗಳು ಇಣುಕಿ ನೋಡುವಂತಿಲ್ಲ. ಇದು ನಮ್ಮ ಗುಟ್ಟಿನ ರಕ್ಷಣೆಗಾಗಿ ಮಾಡಿದ ಏರ್ಪಾಡು. ಆದರೆ ಬಾಡಿಗೆದಾರನನ್ನು ಹೊರಗೆ ಕಳುಹಿಸಿದರೆ ಕೋಣೆಯನ್ನು ಗುಡಿಸಿ ಸಾರಿಸಿಬಿಡುತ್ತಾರೆ. ಒಳಗಿದ್ದ ಸಾಮಾನು ಕಸದೊಡನೆ ಹೋಗುತ್ತದೆ. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸ ಆವೃತ್ತಿಯನ್ನು ಕೂಡಿಸಿದ್ದರೆ ಕಡತ ಉಳಿಯುತ್ತಿದ್ದಿತು.

ಬಹುಕಾಲ ಬಾಳಬೇಕಾದ ಬರವಣಿಗೆಯನ್ನು ಈ ಕೋಣೆಯಲ್ಲಿಡದೆ ನಡುಮನೆಯಲ್ಲಿಡುವುದು ಲೇಸು. 2013ರಲ್ಲಿ ಬಂದ ಆ್ಯಂಡ್ರಾಯ್ಡ್ 4.4ರಿಂದ ಈಚೆಗೆ, ಕಡತವನ್ನು ಎಲ್ಲಿಡಬೇಕೆಂದು ಬಳಸುವವರನ್ನೇ ಕೇಳುವ ಸೌಕರ್ಯವನ್ನು ಆ್ಯಪಿನಲ್ಲಿ ಅಳವಡಿಸಲು ಬರುತ್ತದೆ. ದಸ್ತಾವೇಜುಗಳ ಸಾರ್ವಜನಿಕ ಕೋಶದಲ್ಲಿ ಹಾಗೆ ಇಟ್ಟದ್ದು ಆ್ಯಪ್ ಹೋದರೂ ಹೋಗುವುದಿಲ್ಲ.

ಹುಡುಗನು ಈ ಸಲ ಮತ್ತೊಂದು ಎಚ್ಚರಿಕೆಯನ್ನೂ ವಹಿಸಿದನು. ಹಾಡನ್ನು ತಿದ್ದಿದಾಗ ಹಳೆಯ ಕಡತವನ್ನು ನೇರವಾಗಿ ಮುಟ್ಟುವುದಿಲ್ಲ. ಪಕ್ಕದಲ್ಲಿ ಬೇರೆ ಹೆಸರಿನಿಂದ ಹೊಸ ಪ್ರತಿಯನ್ನು ಪೂರ್ತಿ ಬರೆದು ಮುಚ್ಚಿ, ಅನಂತರ ಅದಕ್ಕೆ ಹಳೆಯದರ ಹೆಸರಿಡುವುದು. ನಡುವೆ ಬ್ಯಾಟರಿ ಮುಗಿದು ಮೊಬೈಲು ಆರಿಹೋದರೂ ಹಳೆಯ ಪ್ರತಿಯಾದರೂ ಕೈಯಲ್ಲಿರುತ್ತದೆ. ಚೊಕ್ಕ ಪ್ರತಿ ಸಿದ್ಧವಾಗುವವರೆಗೆ ಕಚ್ಚಾ ಪ್ರತಿಯನ್ನು ಹರಿಯಬಾರದೆಂದು ನಮ್ಮ ಕಾಲದ ಗುಮಾಸ್ತರಿಗೂ ಗೊತ್ತಿದ್ದಿತು.

ಇದನ್ನೆಲ್ಲ ಕೇಳುತ್ತಿದ್ದ ತಾಯಿಯವರು, "ಇಷ್ಟು ಹಾಡು ಅಷ್ಟು ಸಣ್ಣದರಲ್ಲಿ ಹಿಡಿಸುತ್ತದೆಯೇನೋ?" ಎಂದರು. ಹುಡುಗನು ಲೆಕ್ಕ ಹಾಕಿ ತೋರಿಸಿದನು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬಿಬ್ಬರು ರೂಪಿಸಿದ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು ಜಾಗ ಬೇಕು. "ಕನ್ನಡ" ಎಂಬ ಮಾತಿನಲ್ಲಿ ಕ, ನ, ಒತ್ತನ್ನು ಕೂಡಿಸುವ ಗುರುತು, ಇನ್ನೊಂದು ನ, ಡ ಎಂದು 5 ಚಿಹ್ನೆಗಳು. ಒಟ್ಟು 15 ಬೈಟು. ಸಾಲಿಗೆ 20 ಚಿಹ್ನೆಯಂತೆ 16 ಸಾಲಿನ ಹಾಡಿಗೆ 960 ಬೈಟು. ಅಂತಹ ಸಾವಿರ ಹಾಡುಗಳು ಸೇರಿದರೂ ಸುಮಾರು ಹತ್ತು ಲಕ್ಷ ಬೈಟು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಎಷ್ಟೋ ಸಲ ಇದಕ್ಕಿಂತ ಹೆಚ್ಚು ಜಾಗವನ್ನು ನುಂಗುತ್ತದೆ. ಬರೆಯುವಾಗ ಯಾವ ಪದ್ಧತಿಯೋ ಓದುವಾಗಲೂ ಅದೇ ಪದ್ಧತಿಯಿರಬೇಕು, ಅಷ್ಟೆ. ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣಿಸುತ್ತದೆ.

"ಹಾಗಾದರೆ ಜಾಗಕ್ಕೇನೂ ಕೊರತೆಯಿಲ್ಲ. ಹೋದದ್ದಕ್ಕೆ ಅಳುವುದೇಕೆ? ನಾನಿನ್ನೂ ಇದ್ದೇನಲ್ಲ, ಮತ್ತೆ ಹೇಳುತ್ತೇನೆ, ಬರೆದುಕೊಳ್ಳಿ" ಎಂದರು ತಾಯಿಯವರು. ಮರುದಿನದಿಂದ ಪುನಃ ಪ್ರಾರಂಭವಾಯಿತು. ಹತ್ತು ಹಾಡುಗಳು ಮೊದಲಿನಂತೆಯೇ ಬಂದವು. ಒಂದರಲ್ಲಿ ಎರಡು ನುಡಿಗಳು ಬರಲೊಲ್ಲವು. ಇನ್ನೊಂದು, ಹೆಣ್ಣನ್ನು ಒಪ್ಪಿಸಿಕೊಡುವಾಗ ಹಾಡುವುದು, ಮೊದಲ ಸಾಲಿನಿಂದಾಚೆಗೆ ನೆನಪಾಗಲಿಲ್ಲ. "ಮೊನ್ನೆ ತಾನೇ ಹೇಳಿದ್ದೆನಲ್ಲೇ!" ಎಂದು ಸೊಸೆಯ ಮುಖವನ್ನು ನೋಡಿದರು. ಆಕೆಗೆ ರಾಗವಷ್ಟೇ ನೆನಪಿನಲ್ಲಿದ್ದಿತು.

ಈಗ ಹಾಡುಗಳು ಮೊಬೈಲಿನ ನಡುಮನೆಯಲ್ಲಿವೆ. ಒಂದು ಪ್ರತಿ ಅಕ್ಕನ ಮನೆಯ ಕಂಪ್ಯೂಟರಿನಲ್ಲಿದೆ. ಒಂದು ಪ್ರತಿ ಇನ್ನೂರು ಪುಟದ ನೋಟುಪುಸ್ತಕದಲ್ಲಿ, ನನ್ನ ಕೈಬರಹದಲ್ಲಿದೆ. ನೋಟುಪುಸ್ತಕದಲ್ಲಿ ಆ ಒಂದು ಸಾಲಿನ ಕೆಳಗೆ ಒಂದು ಪುಟವನ್ನು ಬರಿದಾಗಿಯೇ ಬಿಟ್ಟಿದ್ದೇನೆ. ತಾಯಿಯವರು ಸಂಜೆ ಹೊತ್ತು ಒಮ್ಮೊಮ್ಮೆ ಅದರ ರಾಗವನ್ನು ಗುನುಗುವುದುಂಟು. ಆಗೆಲ್ಲ ಮನೆಯಾಕೆ ಒಲೆಯನ್ನು ಸಣ್ಣದು ಮಾಡಿ ಬಾಗಿಲ ಬಳಿ ಬಂದು ನಿಲ್ಲುತ್ತಾಳೆ.