ಹುಳು ಬರುವ ಮೊದಲೇ ಕಣಜ ಸಿದ್ಧವಿರಲಿ

ಮಾನ್ಯ ತೋಟಗಾರಿಕೆ ಸಚಿವರಿಗೆ,

ನಾನು ತಿಪಟೂರು ಸೀಮೆಯ ತೆಂಗು ಬೆಳೆಗಾರ. ತಮ್ಮಲ್ಲಿ ಕೇಳುವುದು ಇಷ್ಟೇ: ಕಪ್ಪುತಲೆ ಹುಳುವನ್ನು ಹತೋಟಿಗೆ ತರುವ ಗೋನಿಯೋಜಸ್ ಕಣಜಗಳನ್ನು ಪ್ರಯೋಗಾಲಯಗಳಲ್ಲಿ ವರ್ಷವಿಡೀ, ಒಂದು ದಿನವೂ ನಿಲ್ಲಿಸದೆ ಸಾಕುವಂತೆ ಮಾಡಿ.

ಹುಳು ಹತ್ತಿದ ತೋಟಗಳನ್ನು ತಾವು ನೋಡಿರುತ್ತೀರಿ. ಗರಿಯ ಅಡಿಯಲ್ಲಿ ಬಲೆ ನೇಯ್ದುಕೊಂಡು ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ. ಅಷ್ಟೆತ್ತರದ ಮರಕ್ಕೆ ಔಷಧಿ ಹೊಡೆಯುವುದು ಆಗದ ಮಾತು. ಬೇರಿಗೆ ಔಷಧಿ ಕಟ್ಟಿ ಉಣಿಸಿದರೆ 45 ದಿನ ಕಾಯಿ ಕೀಳುವಂತಿಲ್ಲ. ಗೋನಿಯೋಜಸ್ ಆದರೋ ಆ ಬಲೆಯೊಳಗೇ ನುಗ್ಗುತ್ತದೆ. ಹೆಣ್ಣು ಕಣಜ ಹುಳುವನ್ನು ಕುಟುಕಿ ಜಡಗೊಳಿಸಿ, ಅದರ ಮೈಮೇಲೆ ಮೊಟ್ಟೆಯಿಟ್ಟು, ಮರಿಗಳು ಹುಳುವನ್ನು ಹೀರಿ ಗೂಡು ಕಟ್ಟುವವರೆಗೆ ಪಕ್ಕದಲ್ಲೇ ಕಾವಲು ಕೂರುತ್ತದೆ. ಅಷ್ಟು ಪುಟ್ಟ ಜೀವದ ಈ ತಾಯ್ತನಕ್ಕೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಆದರೆ ಕಣಜವನ್ನು ಗೋದಾಮಿನಲ್ಲಿ ಪೇರಿಸಿಡಲಾಗದು. ಮೊದಲು ಒಡೆದ ಜೋಳದಲ್ಲಿ ಅಕ್ಕಿ ಪತಂಗದ ಹುಳು ಬೆಳೆಸಬೇಕು. ಅದಕ್ಕೇ ತಿಂಗಳು ಮೇಲಾಗುತ್ತದೆ. ಬಲಿತ ಹುಳುವನ್ನು ಗಾಜಿನ ನಳಿಕೆಯಲ್ಲಿ ಕಣಜದೊಂದಿಗೆ ಬಿಟ್ಟು, ಹತ್ತಿಗೆ ಜೇನು ಸವರಿ ಉಣಿಸಿ, ಹೊಸ ಕಣಜ ಹೊರಬರಲು ಹತ್ತು ಹನ್ನೆರಡು ದಿನ ಕಾಯಬೇಕು. ನಡುವೆ ಸಾಕಣೆ ನಿಂತಿತೋ, ಹೆಪ್ಪಿಗೂ ಮೊಸರುಳಿಯದ ಮನೆಯ ಪಾಡು: ಬೇರೆ ಕಡೆಯಿಂದ ತಂದು ಮತ್ತೆ ಶುರುಮಾಡಬೇಕು.

ಹುಳುವಿನ ಕಾಟ ಏರುವುದು ಬೇಸಿಗೆಯಲ್ಲಿ. ಸರ್ಕಾರದ ಲೆಕ್ಕದ ವರ್ಷ ಮುಗಿದು ಹೊಸದು ಶುರುವಾಗುವುದೂ ಆಗಲೇ. ಅನುದಾನಕ್ಕೆ ಕಾದು ಏಪ್ರಿಲ್‌ನಲ್ಲಿ ಜೋಳ ಕೊಂಡರೆ, ತೋಟಕ್ಕೆ ಬೇಕಾದಷ್ಟು ಕಣಜ ಸಿಗುವಷ್ಟರಲ್ಲಿ ಮುಂಗಾರು ಬಂದಿರುತ್ತದೆ. ಮರಕ್ಕೆ ಹತ್ತಿಪ್ಪತ್ತರಂತೆ, 15 ದಿನಕ್ಕೊಮ್ಮೆ, ನಾಲ್ಕು ಸಲ ಬಿಡಬೇಕು. ಅದೂ ಊರಿನ ತೋಟಗಳಿಗೆಲ್ಲ ಒಟ್ಟಿಗೆ.

ಬೇರೆ ಬೆಳೆಯಲ್ಲಿ ಕಣಜ ತಾನಾಗಿಯೇ ನೆಲೆಯೂರಿದ ಉದಾಹರಣೆಯೂ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿದ ಪರಂಗಿಯ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹಬ್ಬಿತ್ತು. 2010ರಲ್ಲಿ ಪೋರ್ಟೊರಿಕೋದಿಂದ ಅದಕ್ಕೆ ತಕ್ಕ ಬೇರೆ ಕಣಜ ತರಿಸಿ, ಬೆಂಗಳೂರಿನಲ್ಲಿ ಮರಿಮಾಡಿಸಿ ಹಂಚಿದರು. ಆ ಕಣಜ ಹೊಲಗಳಲ್ಲೇ ನೆಲೆಯೂರಿ ತಿಗಣೆಯನ್ನು ತಗ್ಗಿಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ತೆಂಗಿಗೂ ಒಮ್ಮೆ ಬಿಟ್ಟರೆ ಸಾಕೆಂದು ಯಾರಾದರೂ ತಮಗೆ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಗೋನಿಯೋಜಸ್ಸನ್ನು ಹುಳು ಹೆಚ್ಚಿದಾಗಲೆಲ್ಲ ಮತ್ತೆ ಬಿಡಲೇಬೇಕು.

ಸಾಕುವವರನ್ನೂ ನೋಡಿಕೊಳ್ಳಿ. ಪತಂಗದ ರೆಕ್ಕೆಯ ಹುಡಿ ಉಸಿರಿಗೆ ಸೇರಿ ಕೆಮ್ಮು, ಅಲರ್ಜಿ ತರುತ್ತದೆ. ಮಾಸ್ಕು, ಗಾಳಿ ಹೊರದಬ್ಬುವ ಫ್ಯಾನು ಕೊಡಿಸಿ. ಇದು ಕೈಯಲ್ಲಿ ಪಳಗಬೇಕಾದ ಕೆಲಸ. ಕಲಿತವರನ್ನು ವರ್ಷ ವರ್ಷ ಬದಲಿಸಬೇಡಿ.

ಮಳೆಗಾಲದಲ್ಲೂ ತಳಿ ಉಳಿಸಿಕೊಂಡು, ಅಕ್ಟೋಬರ್‌ನಲ್ಲೇ ಹೆಚ್ಚುವರಿ ಜೋಳಕ್ಕೆ ಹಣ ಬಿಡುಗಡೆ ಮಾಡಿಸಿ. ಡಿಸೆಂಬರ್ ಕೊನೆಗೆ ನಳಿಕೆಗಳು ತುಂಬಿರಲಿ. ತೋಟಗಳಿಗೆ ಸಾಗಿಸುವ ಚಿಂತೆ ತಮಗೆ ಬೇಡ, ಊರೂರಿನ ಬೆಳೆಗಾರರು ನಾವೇ ಬಂದು ಒಯ್ಯುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ತಿಪಟೂರು ತಾಲ್ಲೂಕಿನ ಒಬ್ಬ ತೆಂಗು ಬೆಳೆಗಾರ